ಬೆಂಗಾಲ್ ಬೆಕ್ಕು ಮತ್ತು ಜೋಯಿಡಾ ಕಾಡಿನ ಅದರ ಬಳಗ

ದಾಂಡೇಲಿಯ ನನ್ನ ಚಿಕಿತ್ಸಾಲಯಕ್ಕೆ ಬೆಂಗಾಲ್ ಬೆಕ್ಕು ಬಂದ ದಿನ ಬೆಂಚಿನ ಮೇಲೆ ಕೂತವರೆಲ್ಲ ತಮ್ಮ ನಾಯಿ, ಆಡು, ಕೋಳಿಗಳನ್ನು ಮರೆತು ಅದರ ಬುಟ್ಟಿಯ ಕಡೆ ಬಾಗುತ್ತಾರೆ. ಮೊದಲ ಪ್ರಶ್ನೆ, "ಇದು ಚಿರತಿ ಮರಿ ಏನ್ರೀ?" ಎರಡನೆಯದು, "ಎಷ್ಟು ಬಿತ್ರೀ ಇದಕ್ಕ?" ರೊಕ್ಕದ ಮಾತು ಮಾಲೀಕರಿಗೆ ಬಿಟ್ಟದ್ದು. ಮೊದಲನೆಯದಕ್ಕೆ ಮಾತ್ರ ನಾನು ಕೈಯಲ್ಲಿನ ಕೆಲಸ ನಿಲ್ಲಿಸಿ ಉತ್ತರ ಕೊಡುತ್ತೇನೆ. ಯಾಕೆಂದರೆ ಈ ಬೆಕ್ಕಿನ ಕಾಡಿನ ಪೂರ್ವಜರು ಯಾವುದೋ ದೂರದ ಖಂಡದಲ್ಲಿಲ್ಲ. ಗಣೇಶಗುಡಿಯಿಂದ ಜೋಯಿಡಾಕ್ಕೆ ರಾತ್ರಿ ಹೊರಟರೆ ಅದೇ ಜಾತಿಯ ಜೀವಿ, ಚಿರತೆ ಬೆಕ್ಕು, ಕಾರಿನ ಬೆಳಕಿಗೆ ಕಣ್ಣು ಹೊಳೆಸಿ ರಸ್ತೆ ದಾಟೀತು. ಪೇಟೆಯಿಂದ ದುಡ್ಡು ಕೊಟ್ಟು ತಂದ ಬೆಕ್ಕನ್ನು ತಿಳಿಯಬೇಕಾದರೆ ನಮ್ಮ ಕಾಡಿನ ಬೆಕ್ಕನ್ನೂ ತಿಳಿಯಬೇಕು. ಕಾಡಿನದನ್ನು ತಿಳಿದವರು ಅದನ್ನು ಮನೆಗೆ ತರುವ ಆಸೆ ಬಿಡುತ್ತಾರೆ. ಇದನ್ನು ಬರೆಯಲು ಕೂತದ್ದೂ ಅದಕ್ಕಾಗಿಯೇ.

ಬೆಂಗಳೂರಿನಿಂದ ವರ್ಗವಾಗಿ ಬಂದ ಕುಟುಂಬವೊಂದು ತಂದ ಗಂಡು ಬೆಂಗಾಲ್ ಈಗ ನನ್ನ ಕಾಯಂ ರೋಗಿ. ಹೆಸರು ಶೇರು. ಮೇಜಿನ ಮೇಲೆ ಬಿಟ್ಟರೆ ಕೂರುವ ಜಾತಿಯಲ್ಲ. ಮೊದಲು ತಕ್ಕಡಿ ಮೂಸುತ್ತದೆ, ಆಮೇಲೆ ಔಷಧಿ ಕಪಾಟಿನ ನೆತ್ತಿಗೆ ಹಾರುತ್ತದೆ. ಹಿಂಗಾಲು ಮುಂಗಾಲಿಗಿಂತ ತುಸು ಉದ್ದ, ಹಾಗಾಗಿ ನಡೆಯುವಾಗ ಸೊಂಟ ಎತ್ತರಿಸಿ ನಡೆದಂತೆ ಕಾಣುತ್ತದೆ. ತಲೆ ಮೈಗೆ ಹೋಲಿಸಿದರೆ ಚಿಕ್ಕದು, ಕಿವಿಯ ತುದಿ ದುಂಡು, ಬಾಲ ದಪ್ಪ, ಅದರ ಕೊನೆ ಕಪ್ಪು. ಕೂದಲು ಗಿಡ್ಡ, ಮೈಗೆ ಒತ್ತಿ ಕೂತದ್ದು. ಕಿಟಕಿಯ ಬಿಸಿಲು ಬಿದ್ದಾಗ ಪ್ರತಿ ಕೂದಲ ತುದಿಯೂ ಚಿನ್ನದ ಹುಡಿ ಉದುರಿಸಿದ ಹಾಗೆ ಮಿನುಗುತ್ತದೆ. ಸಾಕುವವರು ಇದನ್ನು ಗ್ಲಿಟರ್ ಎನ್ನುತ್ತಾರೆ. ನಮ್ಮ ಬೀದಿಯ ಪಟ್ಟೆ ಬೆಕ್ಕಿನ ಗೆರೆಗಳು ಬೆನ್ನಿನಿಂದ ಹೊಟ್ಟೆಗೆ ಇಳಿಯುತ್ತವೆ. ಶೇರುವಿನ ಮಚ್ಚೆಗಳು ಹೆಗಲಿನಿಂದ ಬಾಲದ ಕಡೆಗೆ ಅಡ್ಡಲಾಗಿ ಹರಿಯುತ್ತವೆ. ಪ್ರತಿ ಮಚ್ಚೆಯ ಒಳಗೆ ತಿಳಿ ಕಂದು, ಸುತ್ತ ಕಪ್ಪು ಅಂಚು. ಹೊಟ್ಟೆಯ ಮೇಲೂ ಮಚ್ಚೆ ಇದೆ. ತೂಕ ಐದು ಕಿಲೋ ಆಸುಪಾಸು. ಗಂಡು ಬೆಂಗಾಲ್ ಆರೇಳು ಕಿಲೋ ತೂಗುವುದೂ ಉಂಟು.

ಈ ತಳಿ ಹುಟ್ಟಿದ ಕತೆಯಲ್ಲಿ ಒಬ್ಬ ಹೆಂಗಸು, ಒಬ್ಬ ಮಕ್ಕಳ ಡಾಕ್ಟರು, ಒಂದು ದಿಲ್ಲಿಯ ಬೀದಿ ಬೆಕ್ಕು ಇದ್ದಾರೆ. ಅಮೆರಿಕದ ಅರಿಜೋನಾದಲ್ಲಿದ್ದ ಜೀನ್ ಸಗ್ಡನ್ ತಮ್ಮಲ್ಲಿದ್ದ ಹೆಣ್ಣು ಚಿರತೆ ಬೆಕ್ಕನ್ನು ಕಪ್ಪು ಮನೆ ಬೆಕ್ಕಿನ ಜೊತೆ ಬಿಟ್ಟಿದ್ದರು. 1963ರಲ್ಲಿ ಮರಿಯಾಯಿತು. ಅದಕ್ಕೆ ಕಿನ್‌ಕಿನ್ ಎಂದು ಹೆಸರಿಟ್ಟರು. ಪತಿ ತೀರಿಕೊಂಡ ಮೇಲೆ ಆ ಕೆಲಸ ಅಲ್ಲಿಗೇ ನಿಂತಿತು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ವಿಶ್ವವಿದ್ಯಾಲಯದ ಡಾ. ವಿಲಾರ್ಡ್ ಸೆಂಟರ್‌ವಾಲ್ ಬೇರೆಯೇ ಕಾರಣಕ್ಕೆ ಇದೇ ಕೂಡಿಕೆ ಮಾಡಿದರು. ಬೆಕ್ಕುಗಳಿಗೆ ಲ್ಯುಕೇಮಿಯಾ ತರುವ ವೈರಸ್ ಒಂದಿದೆ. ಚಿರತೆ ಬೆಕ್ಕು ಅದನ್ನು ತಡೆದುಕೊಳ್ಳುತ್ತದೆಯೇ, ತಡೆದುಕೊಂಡರೆ ಆ ಗುಣ ಮರಿಗಳಿಗೆ ಇಳಿಯುತ್ತದೆಯೇ ಎಂಬುದು ಅವರ ಶೋಧ. ಸಂಶೋಧನೆಯ ಕೆಲಸ ಮುಗಿದ ಆ ಮಿಶ್ರ ಬೆಕ್ಕುಗಳಿಗೆ ಮನೆ ಬೇಕಿತ್ತು. ಮತ್ತೆ ಮದುವೆಯಾಗಿ ಜೀನ್ ಮಿಲ್ ಆಗಿದ್ದ ಅದೇ ಹೆಂಗಸು 1980ರಲ್ಲಿ ಅವುಗಳಲ್ಲಿ ಕೆಲವನ್ನು ತಂದುಕೊಂಡು ನಿಂತ ಕೆಲಸವನ್ನು ಮತ್ತೆ ಹಿಡಿದರು.

ಆಗ ಎದುರಾದದ್ದು ದೊಡ್ಡ ತೊಡಕು. ಚಿರತೆ ಬೆಕ್ಕಿಗೂ ಮನೆ ಬೆಕ್ಕಿಗೂ ವರ್ಣತಂತುಗಳ ಸಂಖ್ಯೆ ಒಂದೇ, 38. ಬಸಿರು ನಿಲ್ಲುವ ದಿನಗಳೂ ಹತ್ತಿರ ಹತ್ತಿರ ಅಷ್ಟೇ, ಎರಡು ತಿಂಗಳ ಮೇಲೆ ತುಸು. ಆದ್ದರಿಂದ ಮರಿ ಹುಟ್ಟುತ್ತದೆ. ಆದರೆ ಈ ಎರಡು ವಂಶಗಳು ಕವಲೊಡೆದು ಸುಮಾರು 60 ಲಕ್ಷ ವರ್ಷಗಳೇ ಆಗಿವೆ. ಹೀಗಾಗಿ ಮೊದಲ ಮೂರು ತಲೆಮಾರಿನ ಗಂಡು ಮರಿಗಳಿಗೆ ಸಾಮಾನ್ಯವಾಗಿ ಸಂತಾನಶಕ್ತಿ ಇರುವುದಿಲ್ಲ. ಹೆಣ್ಣು ಮರಿಗಳಿಗೆ ಮಾತ್ರ ಸಂತಾನವಾಗುತ್ತದೆ. ಅಂದಮೇಲೆ ಪ್ರತಿ ತಲೆಮಾರಿಗೂ ಹೊರಗಿನಿಂದ ಮನೆ ಬೆಕ್ಕಿನ ಗಂಡು ಬೇಕೇ ಬೇಕು. ಒಳ್ಳೆಯ ಬಣ್ಣದ, ಗಟ್ಟಿ ಆರೋಗ್ಯದ ಗಂಡನ್ನು ಹುಡುಕುತ್ತ ಜೀನ್ ಮಿಲ್ ದಿಲ್ಲಿಗೆ ಬಂದರು. ಅಲ್ಲಿಯ ಮೃಗಾಲಯದಲ್ಲಿ ಘೇಂಡಾಮೃಗದ ಆವರಣದೊಳಗೆ ಬದುಕುತ್ತಿದ್ದ ಕಿತ್ತಳೆ ಕಂದು ಬಣ್ಣದ, ಮಚ್ಚೆಯ ಬೀದಿ ಬೆಕ್ಕೊಂದು ಕಣ್ಣಿಗೆ ಬಿತ್ತು. ಅದನ್ನು ಅಮೆರಿಕಕ್ಕೆ ಒಯ್ದು 'ಮಿಲ್‌ವುಡ್ ಟೋರಿ ಆಫ್ ಡೆಲ್ಲಿ' ಎಂದು ಹೆಸರಿಟ್ಟರು. ಬೆಂಗಾಲ್ ತಳಿಯ ಮೈಯ ಮಿನುಗು ಬಂದದ್ದು ಈ ಬೆಕ್ಕಿನಿಂದ. ಶೇರು ಬಿಸಿಲಿಗೆ ಹೊಳೆಯುವಾಗ ಅದರ ಮೈಮೇಲೆ ಕಾಣುವುದು ಕಾಡಿನದಲ್ಲ, ಭಾರತದ ಬೀದಿಯದು. ಬೀದಿ ಬೆಕ್ಕನ್ನು ಕಾಲಲ್ಲಿ ತಳ್ಳುವ ನಮ್ಮೂರಿನ ಹುಡುಗರಿಗೆ ಈ ಸಂಗತಿಯನ್ನು ನಾನು ಬೇಸರವಿಲ್ಲದೆ ಮತ್ತೆ ಮತ್ತೆ ಹೇಳುತ್ತಿರುತ್ತೇನೆ.

ಅಂತರರಾಷ್ಟ್ರೀಯ ಬೆಕ್ಕು ಸಂಘವಾದ ಟಿಕಾ 1991ರಲ್ಲಿ ಬೆಂಗಾಲಿಗೆ ಚಾಂಪಿಯನ್ ಸ್ಪರ್ಧೆಯ ಮಾನ್ಯತೆ ಕೊಟ್ಟಿತು. ಚಿರತೆ ಬೆಕ್ಕಿನ ವೈಜ್ಞಾನಿಕ ಹೆಸರು ಪ್ರಿಯೊನೈಲ್ಯೂರಸ್ ಬೆಂಗಾಲೆನ್ಸಿಸ್. ತಳಿಯ ಹೆಸರು ಬಂದದ್ದು ಅಲ್ಲಿಂದ.

ಈಗ ಬೆಂಚಿನವರ ಪ್ರಶ್ನೆಗೆ ಬರೋಣ. ಶೇರುವಿನಲ್ಲಿ ಕಾಡು ಎಷ್ಟಿದೆ? 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ 947 ಬೆಕ್ಕುಗಳ ಡಿಎನ್‌ಎ ಓದಿ ಲೆಕ್ಕ ಹಾಕಿದೆ. ಬೆಂಗಾಲ್ ಬೆಕ್ಕಿನಲ್ಲಿ ಚಿರತೆ ಬೆಕ್ಕಿನ ಅಂಶ ಸರಾಸರಿ ಶೇ. 3.48. ತಳಿಯ ಇತಿಹಾಸ ನೋಡಿ ವಿಜ್ಞಾನಿಗಳು ಅಂದಾಜಿಸಿದ್ದಕ್ಕಿಂತಲೂ ಇದು ಕಡಿಮೆ. ಕಾಡಿನ ಅಂಶ ಹೆಚ್ಚಿದ್ದಷ್ಟೂ ಮಚ್ಚೆ ಚೆಂದ ಎಂದು ಮಾರುವವರು ಹೇಳಿದರೆ ನಂಬಬೇಕಾಗಿಲ್ಲ. ಬೂದಿಗಪ್ಪು ಛಾಯೆ, ಕಂದು ಬಣ್ಣದ ಗಾಢತೆ ಇಂಥ ಒಂದೆರಡು ಗುಣಗಳಿಗೆ ಕಾಡಿನ ಜೀನ್ ಕಾರಣ ಎಂದು ಅದೇ ಅಧ್ಯಯನ ತೋರಿಸಿದೆ. ಆದರೆ ಅಂಚು ಕಟ್ಟಿದ ದೊಡ್ಡ ಹೂಮಚ್ಚೆ ಸಾಕಿದವರು ತಲೆಮಾರಿನಿಂದ ತಲೆಮಾರಿಗೆ ಆರಿಸಿ ಆರಿಸಿ ತಂದದ್ದು. ನಮ್ಮ ಕಾಡಿನ ಚಿರತೆ ಬೆಕ್ಕಿನ ಮೈಮೇಲೆ ಇರುವುದು ಹೆಚ್ಚಾಗಿ ಒಳಗೆ ತುಂಬಿದ ಕಪ್ಪು ಮಚ್ಚೆಗಳೇ.

ಆ ಬೆಕ್ಕನ್ನು ಜೋಯಿಡಾ ಕಡೆಯ ಮರಾಠಿಯವರು ವಾಘಾಟಿ ಎನ್ನುತ್ತಾರೆ, ಕನ್ನಡದಲ್ಲಿ ಹುಲಿಬೆಕ್ಕು ಎನ್ನುವವರೂ ಇದ್ದಾರೆ. ಗಾತ್ರ ಮನೆ ಬೆಕ್ಕಿನಷ್ಟೇ, ಕಾಲು ತುಸು ಉದ್ದ. ಗುರುತು ಹಿಡಿಯಲು ಮುಖ ನೋಡಿ. ಕಣ್ಣಿನ ಒಳಮೂಲೆಯಿಂದ ಹಣೆಗೆ ಏರುವ ಎರಡು ಬಿಳಿ ಗೆರೆ, ಕಿವಿಯ ಹಿಂದೆ ಒಂದೊಂದು ಬಿಳಿ ಚುಕ್ಕೆ. ಕತ್ತಲಲ್ಲಿ ಓಡುವ ಪುನುಗು ಬೆಕ್ಕನ್ನು ಕಂಡು ಹುಲಿಬೆಕ್ಕು ಎಂದು ಫೋನು ಮಾಡುವವರು ಬಹಳ. ಪುನುಗಿನ ಮೂತಿ ಚೂಪು, ಕಾಲು ಗಿಡ್ಡ, ಅದು ಬೆಕ್ಕಿನ ಕುಲದ್ದೇ ಅಲ್ಲ. ಮೈಮೇಲೆ ಮಚ್ಚೆಯೇ ಇಲ್ಲದೆ ಒಣ ಹುಲ್ಲಿನ ಬಣ್ಣ, ಉದ್ದ ಕಾಲು, ಗಿಡ್ಡ ಬಾಲ ಇದ್ದರೆ ಅದು ಕಾಡುಬೆಕ್ಕು, ಹಳಿಯಾಳ ಮುಂಡಗೋಡದ ಬಯಲು ಹೊಲಗಳ ಕಡೆ ಕಾಣುವಂಥದು. ಇನ್ನೊಂದು ಇನ್ನೂ ಚಿಕ್ಕದು, ತುಕ್ಕು ಬಣ್ಣದ ಚುಕ್ಕೆಗಳದು. ಜಗತ್ತಿನ ಅತಿ ಚಿಕ್ಕ ಕಾಡು ಬೆಕ್ಕುಗಳಲ್ಲಿ ಅದೊಂದು, ಬೆಳೆದದ್ದೂ ಒಂದೂವರೆ ಕಿಲೋ ದಾಟುವುದು ಅಪರೂಪ. ಈ ಬೆಕ್ಕುಗಳ ನೆಲೆಯಾದ ದಾಂಡೇಲಿ ಅಭಯಾರಣ್ಯ ಘೋಷಣೆಯಾದದ್ದು 1956ರಲ್ಲಿ. ಅದೂ ಅಣಶಿ ರಾಷ್ಟ್ರೀಯ ಉದ್ಯಾನವೂ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಲ್ಲಿ ಕಾಳಿ ಎಂಬ ಹೆಸರು ಬಂತು. ಪ್ರವಾಸಿಗರು ಕುಳಗಿಗೆ ಬಂದು ಹುಲಿ, ಕರಿಚಿರತೆ, ಮಂಗಟ್ಟೆ ಹಕ್ಕಿ ಕೇಳುತ್ತಾರೆ. ಈ ಸಣ್ಣ ಬೆಕ್ಕುಗಳನ್ನು ಕೇಳುವವರು ಇನ್ನೂ ಹುಟ್ಟಬೇಕು. ನನಗೆ ಇದು ನಿಜವಾಗಿಯೂ ನೋವಿನ ಸಂಗತಿ, ಯಾಕೆಂದರೆ ರೈತನ ಗದ್ದೆಗೆ ದಿನವೂ ಪ್ರಯೋಜನಕ್ಕೆ ಬರುವುದು ಇವೇ.

ಚಿರತೆ ಬೆಕ್ಕಿನ ಮುಖ್ಯ ಆಹಾರ ಇಲಿ. ಜೊತೆಗೆ ಹಲ್ಲಿ, ಓತಿಕ್ಯಾತ, ಸಣ್ಣ ಹಕ್ಕಿ, ಹುಳ. ಅದು ಚೆನ್ನಾಗಿ ಈಜುತ್ತದೆ, ಮರ ಹತ್ತುತ್ತದೆ, ದಟ್ಟ ಕಾಡಿನಲ್ಲೂ ತೋಟ ಗದ್ದೆಗಳ ಅಂಚಿನಲ್ಲೂ ಬದುಕುತ್ತದೆ. ಭತ್ತ ತೆನೆಗಟ್ಟಿದಾಗ ಜೋಯಿಡಾದ ಕುಣಬಿ ರೈತರು ಹಂದಿ ಕಾಯಲು ಮಾಳದಲ್ಲಿ ಮಲಗುತ್ತಾರೆ. ಅವರು ಹಂದಿ ಓಡಿಸುವ ಹೊತ್ತಿಗೆ ಕೆಳಗೆ ಬದುವಿನ ಮೇಲೆ ಈ ಬೆಕ್ಕು ಇಲಿ ಹಿಡಿಯುತ್ತಿರುತ್ತದೆ. ಕೋಳಿಯನ್ನೂ ಹಿಡಿಯುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಕೋಳಿ ಕಳೆದುಕೊಂಡ ಮನೆಯವರ ಸಿಟ್ಟು ನ್ಯಾಯವಾದದ್ದೇ. ಆದರೆ ರಾತ್ರಿ ಕೋಳಿಯನ್ನು ಬುಟ್ಟಿ ಕವುಚಿ ಇಡುವ ಬದಲು ಹಲಗೆಯ ಗೂಡಿಗೆ ಹಾಕಿ ಚಿಲಕ ಹಾಕಿದರೆ ನಷ್ಟ ನಿಲ್ಲುತ್ತದೆ. ಉರುಳು ಹಾಕಿದರೆ ಬೆಕ್ಕು ಸಾಯುತ್ತದೆ, ಇಲಿ ಉಳಿಯುತ್ತದೆ.

ಚಳಿಗಾಲಕ್ಕೆ ಹಳಿಯಾಳದ ಕಡೆ ಕಬ್ಬಿನ ಕಟಾವು ಶುರುವಾಗುತ್ತದೆ, ನನ್ನ ಫೋನೂ ಆಗಲೇ ಶುರು. ಕಬ್ಬಿನ ಗದ್ದೆ ಒಳಗೆ ತಂಪು, ಕತ್ತಲೆ, ಇಲಿ ಹೇರಳ. ಕಾಡಿನ ಬೆಕ್ಕುಗಳಿಗೆ ಮರಿ ಹಾಕಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಗ್ಯಾಂಗಿನವರು ಕಡಿಯುತ್ತ ಕಡಿಯುತ್ತ ನಡುಗದ್ದೆಗೆ ಬಂದಾಗ ರವದಿಯ ಮೇಲೆ ಎರಡು ಮೂರು ಮರಿ ಸಿಗುತ್ತವೆ. ಒಮ್ಮೆ ಹೀಗೇ ಒಬ್ಬ ಹಿರಿಯ ರೈತ ರಟ್ಟಿನ ಪೆಟ್ಟಿಗೆಯಲ್ಲಿ ಮರಿ ಇಟ್ಟುಕೊಂಡು ಬಂದ.

"ಬಾಯಾರ, ಆಕಳ ಹಾಲು ಹಾಕೇನ್ರಿ, ಕುಡಿಯವಲ್ದು. ಮೊಮ್ಮಗಳು ಸಾಕತೀನಿ ಅಂತ ಹಟ ಹಿಡದೈತಿ."

"ಯಜಮಾನ್ರ, ಇದರ ಅವ್ವ ರಾತ್ರಿ ಅದ ಜಾಗಕ್ಕ ಬರತಾಳ್ರಿ. ಈಗ ಸಂಜಿ ಐದು. ಕತ್ತಲಾಗೂದ್ರಾಗ ಅಲ್ಲೇ ಇಡೂಣು."

"ಮನುಷ್ಯಾರ ಕೈ ಮುಟ್ಟಿದ್ದನ್ನ ತಾಯಿ ಒಯ್ಯೂದಿಲ್ಲ ಅಂತಾರಲ್ರಿ?"

"ಒಯ್ತಾಳ್ರಿ. ಹಸದ ಮರಿ ಕೂಗಿದ್ರ ಯಾವ ತಾಯಿ ಸುಮ್ಮನ ಕೂಡತಾಳ?"

ಅರಣ್ಯ ಇಲಾಖೆಯವರಿಗೆ ತಿಳಿಸಿ, ಗದ್ದೆಯ ಅದೇ ಸಾಲಿನಲ್ಲಿ ಪೆಟ್ಟಿಗೆಯನ್ನು ಅಡ್ಡ ಮಲಗಿಸಿ, ಬಾಯಿ ತೆರೆದು, ಒಳಗೆ ಒಣ ರವದಿ ಹಾಸಿ ಮರಿ ಇಟ್ಟೆವು. ನಾಯಿಗಳನ್ನು ಕಟ್ಟಿಸಿದೆವು. ಆ ರೈತ ಸುತ್ತಲಿನ ನಾಲ್ಕು ಸಾಲು ಕಬ್ಬನ್ನು ಕಡಿಯದೆ ಬಿಟ್ಟ. ಬೆಳಿಗ್ಗೆ ಪೆಟ್ಟಿಗೆ ಬರಿದಾಗಿತ್ತು, ರವದಿ ಬದಿಯ ಮೆತ್ತನೆ ಮಣ್ಣಿನಲ್ಲಿ ದೊಡ್ಡ ಬೆಕ್ಕಿನ ಹೆಜ್ಜೆ ಮೂಡಿತ್ತು.

ಮರಿಯನ್ನು ಮನೆಯಲ್ಲಿ ಬೆಳೆಸಿದರೆ ಪಳಗುವುದಿಲ್ಲವೇ ಎಂದು ಬಹಳ ಮಂದಿ ಕೇಳುತ್ತಾರೆ. ಇದಕ್ಕೆ ಮನುಷ್ಯನ ಇತಿಹಾಸದಲ್ಲೇ ಒಂದು ಉತ್ತರವಿದೆ. ಚೀನಾದ ಶಾನ್‌ಶಿ ಪ್ರಾಂತದಲ್ಲಿ 5,000 ವರ್ಷಗಳಿಗೂ ಹಿಂದಿನ ಕೃಷಿಕರ ಹಳ್ಳಿಗಳನ್ನು ಅಗೆದಾಗ ಬೆಕ್ಕಿನ ಎಲುಬುಗಳು ಸಿಕ್ಕವು. ಅವು ಮನೆ ಬೆಕ್ಕಿನವೆಂದು ಮೊದಲು ಭಾವಿಸಿದ್ದರು. 2016ರಲ್ಲಿ ದವಡೆಗಳನ್ನು ಸೂಕ್ಷ್ಮವಾಗಿ ಅಳೆದು ನೋಡಿದರೆ ಚಿರತೆ ಬೆಕ್ಕಿನವು. ಅಂದರೆ ಧಾನ್ಯದ ಇಲಿಯ ಬೆನ್ನು ಹತ್ತಿ ಇದು ರೈತನ ಅಂಗಳಕ್ಕೆ ಬಂದಿತ್ತು, ಅವನ ಪಕ್ಕದಲ್ಲೇ ಬದುಕಿತ್ತು. ಆದರೂ ಮನೆ ಬೆಕ್ಕಾಗಲಿಲ್ಲ. ಇಂದು ಜಗತ್ತಿನ ಎಲ್ಲ ಮನೆ ಬೆಕ್ಕುಗಳೂ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಬೇರೊಂದು ಕಾಡುಬೆಕ್ಕಿನ ಸಂತತಿ. ಮರಿಯಾಗಿದ್ದಾಗ ಬಾಟಲಿ ಹಾಲು ಕುಡಿದ ಚಿರತೆ ಬೆಕ್ಕು ಬೆಳೆದ ಮೇಲೆ ಕಚ್ಚುತ್ತದೆ, ಮನೆ ತುಂಬ ಮೂತ್ರ ಸಿಂಪಡಿಸುತ್ತದೆ, ಹಗಲೆಲ್ಲ ಮಂಚದಡಿ ಅಡಗುತ್ತದೆ. ಮೇಲಾಗಿ ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿರುವ ಪ್ರಾಣಿ. ಹುಲಿಗಿರುವ ರಕ್ಷಣೆಯೇ ಅದಕ್ಕೂ ಇದೆ. ಮನೆಯಲ್ಲಿಟ್ಟುಕೊಂಡರೆ ಶಿಕ್ಷೆಯಾಗುವ ಅಪರಾಧ.

ಬೆಂಗಾಲ್ ಹಾಗಲ್ಲ. ನಾಲ್ಕನೆಯ ತಲೆಮಾರಿನಿಂದಾಚೆಗಿನ ಬೆಂಗಾಲ್ ಪೂರ್ತಿ ಮನೆ ಬೆಕ್ಕು. ಮಡಿಲಲ್ಲಿ ಕೂರುವುದು ಕಡಿಮೆ, ಆದರೆ ಮನೆಯವರು ಹೋದಲ್ಲೆಲ್ಲ ಹಿಂದೆಯೇ ಬರುತ್ತದೆ. ಶೇರುವಿಗೆ ನೀರಿನ ಹುಚ್ಚು. ಬಚ್ಚಲಮನೆಯ ನಲ್ಲಿಯ ಕೆಳಗೆ ಕೈ ಹಿಡಿದು ಹನಿ ಹಿಡಿಯುವುದೇ ಅದರ ಆಟ, ಕುಡಿಯುವ ಬಟ್ಟಲಿಗೆ ಗೋಲಿ ತಂದು ಹಾಕಿ ಮತ್ತೆ ತೆಗೆಯುತ್ತದೆ. ಬಾಗಿಲಿನ ಹಿಡಿಕೆಗೆ ಜೋತುಬಿದ್ದು ಬಾಗಿಲು ತೆಗೆಯಲು ಕಲಿತಿದೆ. ಗಂಟಲು ದೊಡ್ಡದು, ಬೇಕಾದದ್ದನ್ನು ಕೂಗಿ ಕೇಳುತ್ತದೆ. ದಿನವಿಡೀ ಬೀಗ ಹಾಕಿದ ಮನೆಯಲ್ಲಿ ಇಂಥ ಬೆಕ್ಕನ್ನು ಒಂಟಿಯಾಗಿ ಬಿಟ್ಟರೆ ಪರದೆ ಹರಿಯುತ್ತದೆ, ಮೂಲೆಯಲ್ಲಿ ಉಚ್ಚೆ ಹೊಯ್ಯುತ್ತದೆ, ಕಡೆಗೆ ಖಾಯಿಲೆ ಬೀಳುತ್ತದೆ. ಹತ್ತಲು ಎತ್ತರದ ಕಪಾಟು, ಬೇಟೆಯಾಡಿದಂತೆ ಓಡಿಸುವ ಆಟ, ಜೊತೆಗೆ ಯಾರಾದರೂ, ಇಷ್ಟು ಕೊಡಲಾಗದವರು ಈ ತಳಿಯ ಕನಸು ಬಿಡುವುದು ಒಳ್ಳೆಯದು.

ಮರಿ ಕೊಳ್ಳುವವರು ಗಮನಿಸಬೇಕಾದ ಒಂದು ವಿಷಯ: ಹುಟ್ಟಿದಾಗ ಚೆನ್ನಾಗಿ ಕಂಡ ಮಚ್ಚೆ ಒಂದು ತಿಂಗಳ ಹೊತ್ತಿಗೆ ಉದ್ದನೆಯ ಬೂದು ಕೂದಲಿನಡಿ ಮಸುಕಾಗುತ್ತದೆ, ಮೂರು ನಾಲ್ಕು ತಿಂಗಳಿಗೆ ಮತ್ತೆ ತಿಳಿಯಾಗುತ್ತದೆ. ಕಾಡಿನ ಮರಿಗಳಿಗೆ ಗೂಡಿನಿಂದ ಹೊರಬರುವ ವಯಸ್ಸಿನಲ್ಲಿ ಮರೆಯಾಗಿರಲು ಇದು ನೆರವು ಎನ್ನುತ್ತಾರೆ. ಮಾರುವವನ ಚಿತ್ರ ನೋಡಿ ಆಸೆಪಟ್ಟವರು ಮರಿ ಕೈಗೆ ಬಂದಾಗ ಮೋಸಹೋದೆವೆಂದು ನನ್ನ ಬಳಿ ಬರುತ್ತಾರೆ, ಅದು ಮೋಸವಲ್ಲ. ಮೋಸ ಬೇರೆ ಕಡೆ ನಡೆಯುತ್ತದೆ. ಈ ತಳಿಯಲ್ಲಿ ವಂಶದಿಂದ ಬರುವ ಎರಡು ರೋಗಗಳಿಗೆ ಜೀನ್ ಪರೀಕ್ಷೆ ಇದೆ. ಒಂದು ಪೈರುವೇಟ್ ಕೈನೇಸ್ ಕೊರತೆ, ಕೆಂಪು ರಕ್ತಕಣ ಬೇಗ ಒಡೆದು ರಕ್ತಹೀನತೆ ತರುತ್ತದೆ. ಇನ್ನೊಂದು ಅಕ್ಷಿಪಟಲ ಸವೆದು ಮರಿಗಾಲದಲ್ಲೇ ದೃಷ್ಟಿ ಕುಂದಿಸುವುದು. ತಂದೆ ತಾಯಿ ಇಬ್ಬರಲ್ಲೂ ಕೆಟ್ಟ ಜೀನ್ ಇದ್ದು, ಅದು ಇಬ್ಬರಿಂದಲೂ ಇಳಿದರೆ ಮಾತ್ರ ಮರಿಗೆ ರೋಗ. ಆದ್ದರಿಂದ ಅಪ್ಪ ಅಮ್ಮ ಇಬ್ಬರ ಪರೀಕ್ಷೆಯ ಕಾಗದ ಕೇಳಿ. ಹೃದಯದ ಸ್ನಾಯು ದಪ್ಪವಾಗುವ ರೋಗಕ್ಕೆ ಅಪ್ಪ ಅಮ್ಮನ ಹೃದಯ ಸ್ಕ್ಯಾನ್ ಆಗಿದೆಯೇ ಎಂದೂ ಕೇಳಿ. ಕಾಗದ ತೋರಿಸದೆ 'ಕಾಡಿನ ರಕ್ತ ಜಾಸ್ತಿ ಇರುವ ಮರಿ' ಎಂದು ಬೆಲೆ ಏರಿಸುವವರ ಬಾಗಿಲಿನಿಂದ ಹಿಂದಿರುಗಿ ಬನ್ನಿ. ಮೊದಲ ತಲೆಮಾರುಗಳ ಮಿಶ್ರಮರಿ ಬೇಕೆನ್ನುವವರು ಇದ್ದರೆ ಯಾವುದೋ ಕಾಡಿನಿಂದ ಚಿರತೆ ಬೆಕ್ಕನ್ನು ಹಿಡಿಯುವವರೂ ಹುಟ್ಟಿಕೊಳ್ಳುತ್ತಾರೆ. ಭಾರತದ ಚಿರತೆ ಬೆಕ್ಕು ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಮೊದಲ ಪಟ್ಟಿಯಲ್ಲಿದೆ.

ಶೇರುವಿನ ಮನೆಯವರು ಒಮ್ಮೆ, "ಡಾಕ್ಟರೇ, ಇಲ್ಲಿ ಇಷ್ಟು ಒಳ್ಳೆಯ ಕಾಡಿದೆ, ಸಂಜೆ ಹೊರಗೆ ಬಿಟ್ಟರೆ ಅದಕ್ಕೂ ಖುಷಿಯಲ್ಲವೇ?" ಎಂದರು. ನಾನು ಬೇಡವೆಂದೆ. ಹಾವು, ನಾಯಿ, ಚಿರತೆಗಳ ಭಯ ಒಂದು. ಅದಕ್ಕಿಂತ ದೊಡ್ಡದು ರೋಗ. ಬೆಕ್ಕಿನ ಪಾರ್ವೋ ಎಂದು ನಾವು ಕರೆಯುವ ಪ್ಯಾನ್‌ಲ್ಯುಕೋಪೀನಿಯಾ ಮರಿಗಳನ್ನು ವಾಂತಿಭೇದಿಯಿಂದ ಎರಡು ಮೂರು ದಿನದಲ್ಲೇ ಕೊಲ್ಲಬಲ್ಲದು. ಅದರ ವೈರಸ್ ಮಣ್ಣಿನಲ್ಲಿ, ಗೋಣಿಚೀಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಅದು ಕಾಡಿನ ಬೆಕ್ಕುಗಳಿಗೂ ತಗಲುತ್ತದೆ. ಅವಕ್ಕೆ ಲಸಿಕೆ ಹಾಕುವವರಿಲ್ಲ. ಸ್ಕಾಟ್ಲೆಂಡಿನಲ್ಲಿ ಬೀದಿಗೆ ಬಿಟ್ಟ ಮನೆ ಬೆಕ್ಕುಗಳ ಜೊತೆ ಬೆರೆತು ಬೆರೆತು ಅಲ್ಲಿಯ ಕಾಡುಬೆಕ್ಕು ತನ್ನತನವನ್ನೇ ಕಳೆದುಕೊಳ್ಳುವ ಸ್ಥಿತಿಗೆ ಬಂದಿದೆ. ಶೇರುವಿಗೆ ಸಂತಾನಹರಣ ಮಾಡಿದ್ದಾಯಿತು. ಪಡಸಾಲೆಯ ಕಟ್ಟೆಗೆ ಮೇಲಿನವರೆಗೆ ಜಾಲರಿ ಹಾಕಿಸಿ, ಒಳಗೆ ಹತ್ತಲು ಮತ್ತಿಯ ಮರದ ಕೊಂಬೆ ನಿಲ್ಲಿಸಿದ್ದಾರೆ. ಅದು ಅಲ್ಲಿಂದಲೇ ಅಳಿಲಿಗೆ ಬೈಯುತ್ತದೆ.

ಶೇರುವಿಗೆ ಹೇಳಿದ್ದನ್ನೇ ನಾನು ಅಣಶಿ, ಕುಂಬಾರವಾಡ, ಉಳವಿ ಕಡೆಯ ಮನೆಗಳಲ್ಲಿ ಒಲೆಯ ಬೂದಿಯಲ್ಲಿ ಮಲಗುವ ಬೆಕ್ಕುಗಳಿಗೂ ಹೇಳುತ್ತೇನೆ. ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ ಅಂಗಡಿಯ ಹೊಸ್ತಿಲ ಮೇಲೆ ಬಿಸಿಲು ಕಾಯಿಸುವ ಬೆಕ್ಕುಗಳಿಗೂ ಅದೇ ಮಾತು. ಕಾಡಿನ ಅಂಚಿನ ಬೆಕ್ಕಿಗೇ ಲಸಿಕೆ ಹೆಚ್ಚು ಅವಶ್ಯ. ಎಂಟು ವಾರಕ್ಕೆ ಮೊದಲ ಚುಚ್ಚುಮದ್ದು, ಮೂರು ನಾಲ್ಕು ವಾರ ಬಿಟ್ಟು ಇನ್ನೊಂದು, ಹದಿನಾರು ವಾರ ತುಂಬುವವರೆಗೆ ಹೀಗೇ. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದ ಅವಧಿಗೆ ಮತ್ತೆ. ಐದಾರು ತಿಂಗಳಿಗೆ ಸಂತಾನಹರಣ. ಬುಟ್ಟಿ ಇಲ್ಲದಿದ್ದರೆ ಗೋಧಿಯ ಚೀಲದಲ್ಲಿ ಹಾಕಿ ಬಾಯಿ ಸಡಿಲಾಗಿ ಕಟ್ಟಿ ತನ್ನಿ, ನಾನು ಬೇಡವೆನ್ನುವುದಿಲ್ಲ. ಹೊಲದಲ್ಲಿ ಮಚ್ಚೆಯ ಮರಿ ಸಿಕ್ಕರೆ ಮಾತ್ರ ನನ್ನಲ್ಲಿಗೆ ತರಬೇಡಿ. ಹಾಲು ಹಾಕಬೇಡಿ, ಫೋಟೋಕ್ಕೆಂದು ಕೈಯಿಂದ ಕೈಗೆ ದಾಟಿಸಬೇಡಿ. ಇದ್ದಲ್ಲೇ ಬಿಟ್ಟು, ಆ ಸಾಲಿನ ಕೆಲಸ ನಿಲ್ಲಿಸಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.